ಹಗ್ಗ ಹಿಡಿದು ನಿಂತವರು

ನನ್ನನ್ನು ಮರಾಠಿ ನಾಡಿನ ಡೊಂಬಿವಲಿಗೆ ಕಳಿಸಿದ್ದು ವಾಲಿಬಾಲ್ ಕಲಿಸಲು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಊರು ಬಿಟ್ಟು ದುಡಿಯಲು ಹೋದವರ ಬಡಾವಣೆಗಳಲ್ಲಿ ಆಟದ ಮೂಲಕ ಸೇವೆ ಮಾಡಬೇಕೆಂಬ ಯೋಚನೆ ಉಡುಪಿಯ ಕಡೆಯ ನಮ್ಮ ಕ್ರೈಸ್ತ ಸಭೆಯವರಿಗೆ ಬಂದಿತ್ತು. ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದ, ಕಾಲೇಜಿನಲ್ಲಿ ವಾಲಿಬಾಲ್ ಆಡಿದ್ದ, ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ನಾನು ಅವರ ಕಣ್ಣಿಗೆ ಬಿದ್ದೆ.

"ಪರದೇಶಕ್ಕೆ ಹೋದ ಹಾಗೆಯೇ ಮಾರಾಯ್ತಿ," ಎಂದರು ಸಭೆಯ ಹಿರಿಯರು. "ಅಲ್ಲಿ ನಿನ್ನ ಭಾಷೆ ಯಾರಿಗೂ ಬೇಡ. ನಿಭಾಯಿಸ್ತೀಯಾ?"

"ಚೆಂಡಿಗೆ ಯಾವ ಭಾಷೆ?" ಎಂದು ನಕ್ಕೆ.

ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹೊಂದಿಕೊಂಡ ಬಡಾವಣೆಯಲ್ಲಿ ನಮ್ಮ ಚಿಕ್ಕ ಪ್ರಾರ್ಥನಾಮಂದಿರ, ಅದರ ಪಕ್ಕದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ಕೋಣೆ, ಹಿಂದೆ ಒಂದು ತುಂಡು ಖಾಲಿ ಜಾಗ ಇದ್ದವು. ಪಾಸ್ಟರ್ ಹುಬ್ಬಳ್ಳಿಯ ಕಡೆಯವರು. ಅವರೂ ನಾನೂ ಸೇರಿ ಕಂಬ ನೆಟ್ಟು ನೆಟ್ ಕಟ್ಟಿದೆವು. ಮೊದಲ ವಾರ ಕೆಲವು ಯುವಕರು ಬಂದರು. ಎರಡನೆಯ ವಾರ ಅವರು ರಸ್ತೆಯ ಆಚೆ ಕ್ರಿಕೆಟ್ ಆಡುತ್ತಿದ್ದರು. ನಾನು ಸೀಟಿ ಊದಿದೆ, ಮನೆಮನೆಗೆ ಹೋಗಿ ಕರೆದೆ, ಹರಕು ಹಿಂದಿಯಲ್ಲಿ ಗದರಿದೆ. ಯಾರೂ ಬರಲಿಲ್ಲ. ಮಳೆಗಾಲ ಕಳೆದ ಮೇಲೆ ಪಾಸ್ಟರ್ ಹೆಂಡತಿ ಸಂಕೋಚದಿಂದ ಕೇಳಿದರು, "ಟೀಚರ, ಸುಮ್ನ ಐತಲ್ಲಾ, ಅದರ ಮ್ಯಾಲ ಚಾದರ ಒಣಾ ಹಾಕ್ಲೇನ್ರಿ?"

ನೆಟ್ಟಿನ ಮೇಲೆ ಚಾದರ ಹಾರಾಡುವುದನ್ನು ನೋಡುತ್ತಾ ನನಗೆ ಅಳು ಬಂತು. ತಂಡವೊಂದನ್ನು ಕೊಡು ದೇವರೇ ಎಂದು ದಿನವೂ ಬೇಡಿದ್ದೆ. ಊರಿಗೆ ಹೊರಟುಬಿಡುತ್ತೇನೆ ಎಂದು ಪಾಸ್ಟರಿಗೆ ಹೇಳಿದೆ.

"ಹೋಗಾಕ ಯಾರೂ ಬ್ಯಾಡ ಅನ್ನಂಗಿಲ್ರಿ," ಎಂದರು ಅವರು. "ಆದ್ರ ನೀವು ಬೇಡ್ಕೊಂಡಿದ್ದು ಹುಡುಗರನ್ನ. ದೇವರು ಬ್ಯಾರೆ ಯಾರನ್ನಾರ ಕಳಿಸಿದ್ರ? ಬಾಗಲ ಹಾಕ್ಕೊಂಡು ಹೋಗಬ್ಯಾಡ್ರಿ, ಸ್ವಲ್ಪ ತಡೀರಿ."

ಸಮಾಧಾನಕ್ಕೆ ಹೇಳಿದ ಮಾತೆಂದುಕೊಂಡೆ. ಆದರೂ ಟಿಕೆಟ್ ತೆಗೆಸಲಿಲ್ಲ.

ಮರುದಿನವೋ ಅದರ ಮರುದಿನವೋ ಹೊಲಿಗೆ ಕೋಣೆಯ ಕಿಟಕಿಯಿಂದ ಒಬ್ಬಳು ನನ್ನನ್ನು ಕರೆದಳು. ಕಂಪನಿಯೊಂದರಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಿದ್ದ ಎತ್ತರದ, ಗಟ್ಟಿಮುಟ್ಟಾದ ಹೆಂಗಸು. "ಟೀಚರ್, ಆಮ್ಹಾಲಾ ನಾಹೀ ಶಿಕವಣಾರ್?" ನಮಗೆ ಕಲಿಸುವುದಿಲ್ಲವೇ ಎಂದು ಕೇಳುತ್ತಿದ್ದಳು. ಅವಳ ಹಿಂದೆ ಉಳಿದವರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

ನಾಲ್ಕು ದಿನ ವಾಲಿಬಾಲ್ ಆಡಿಸಿದೆ. ಚೆಂಡು ಬಂದರೆ ಕಣ್ಣು ಮುಚ್ಚುತ್ತಿದ್ದರು. ಆದರೆ ಆಟ ಮುಗಿದ ಮೇಲೆ ಅದೇ ಹೆಂಗಸರು ಎರಡೆರಡು ತುಂಬಿದ ಕೊಡ ಹೊತ್ತು, ಹರಟೆ ಹೊಡೆಯುತ್ತಾ ಏರು ಹತ್ತಿ ಹೋಗುತ್ತಿದ್ದರು. ಆ ತೋಳುಗಳನ್ನು ನೋಡುತ್ತಿದ್ದಾಗ ನಮ್ಮೂರಿನ ಹಗ್ಗಜಗ್ಗಾಟ ನೆನಪಾಯಿತು. ಕರಾವಳಿಯಲ್ಲಿ ಹುಟ್ಟಿದವರಿಗೆ ಅದನ್ನು ಯಾರೂ ಕಲಿಸಬೇಕಿಲ್ಲ.

ಹಗ್ಗ ತರಲು ಆ ಎತ್ತರದ ಹೆಂಗಸನ್ನು ಕರೆದುಕೊಂಡು ಉಲ್ಹಾಸನಗರದ ಪೇಟೆಗೆ ಹೋದೆ. ಮಣಿಕಟ್ಟಿನಷ್ಟು ದಪ್ಪದ ಹಗ್ಗ. ಸುರುಳಿ ಸುತ್ತಿ ಇಬ್ಬರೂ ಹೊತ್ತು ಲೋಕಲ್ ರೈಲಿನ ಲೇಡೀಸ್ ಡಬ್ಬಿ ಹತ್ತಿದೆವು. ಕಲ್ಯಾಣ ಸ್ಟೇಷನ್ನಿನಲ್ಲಿ ನುಗ್ಗಿದ ಜನರ ಗದ್ದಲಕ್ಕೆ ಹಗ್ಗದ ಸುರುಳಿ ಮೂರು ಜನ ಅಪರಿಚಿತರ ತೊಡೆಯ ಮೇಲೆ ಹರಡಿತು. "ಹಾಥೀ ಬಾಂಧ್ನಾ ಹೈ ಕ್ಯಾ?" ಎಂದು ಒಬ್ಬಾಕೆ ಗೊಣಗಿದಳು.

"ನಹೀ, ಸಾಸ್ ಕೋ," ಎಂದಳು ನಮ್ಮವಳು. ಆನೆಯನ್ನಲ್ಲ, ಅತ್ತೆಯನ್ನು ಕಟ್ಟಲು! ಡಬ್ಬಿಗೆ ಡಬ್ಬಿಯೇ ನಕ್ಕಿತು. ಡೊಂಬಿವಲಿಯಲ್ಲಿ ಆ ಗೊಣಗಿದಾಕೆಯೇ ಹಗ್ಗ ಇಳಿಸಿಕೊಟ್ಟಳು.

ಸೀರೆಯನ್ನು ಕಚ್ಚೆ ಹಾಕಿ ನಿಂತ ಎಂಟು ಹೆಂಗಸರು ಹಗ್ಗ ಹಿಡಿದರೆ ನೋಡಲು ಚೆಂದ, ಆದರೆ ಆಟವಿಲ್ಲ. ಒಬ್ಬೊಬ್ಬರು ಒಂದೊಂದು ಗಳಿಗೆಗೆ ಜಗ್ಗಿ, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹಗ್ಗಜಗ್ಗಾಟದಲ್ಲಿ ಎಳೆಯುವುದು ಕೊನೆಯ ಕೆಲಸ. ಮೊದಲಿನದು ಹಿಮ್ಮಡಿ ನೆಲಕ್ಕೆ ಊರಿ, ಮೈ ಹಿಂದಕ್ಕೆ ಬಾಗಿಸಿ, ಎದುರಿನವರು ಏನು ಮಾಡಿದರೂ ಅಲ್ಲಾಡದೆ ನಿಲ್ಲುವುದು. ಅವರಿಗೆ ಅದು ಬರಲಿಲ್ಲ. ಅವರಿಗೆ ಕಲಿಸುವ ತಾಳ್ಮೆ ನನಗೂ ಬರಲಿಲ್ಲ. ಒಬ್ಬಳಿಗೆ ಶಿಫ್ಟ್, ಇನ್ನೊಬ್ಬಳಿಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು, ಮತ್ತೊಬ್ಬಳ ಮಗುವಿಗೆ ಜ್ವರ. ಐದು ಜನ ಬಂದರೆ ಐದು ಜನ. ಕೂಗುವುದನ್ನು ನಿಧಾನವಾಗಿ ಬಿಟ್ಟೆ. ಕೂಗಿದರೆ ಮಾರನೆಯ ದಿನ ನಾಲ್ಕೇ ಜನ ಬರುತ್ತಿದ್ದರು.

ಹಗ್ಗದ ಒಂದು ತುದಿಯನ್ನು ಹುಣಸೆ ಮರಕ್ಕೆ ಕಟ್ಟಿ, ಇನ್ನೊಂದನ್ನು ಅವರಿಗೆ ಕೊಟ್ಟು ಬಾಗಿ ನಿಲ್ಲಿಸುತ್ತಿದ್ದೆ. ಎಷ್ಟು ಹೊತ್ತು ನಿಲ್ಲಬೇಕೆಂಬ ಅಳತೆಗೆ ನಾನು ನಮ್ಮ ಪ್ರಾರ್ಥನೆಯನ್ನು ಕನ್ನಡದಲ್ಲಿ ಮೆಲ್ಲನೆ ಹೇಳಿಕೊಳ್ಳುತ್ತಿದ್ದೆ. ಕೊನೆಯಲ್ಲಿ 'ಆಮೆನ್' ಎಂದರೆ ಅವರು ಕೈ ಬಿಡಬಹುದು. ಒಂದು ಸಂಜೆ ಆ ಎತ್ತರದವಳು ಬೆವರು ಒರೆಸಿಕೊಳ್ಳುತ್ತಾ, "ತುಮಚೀ ಪ್ರಾರ್ಥನಾ ಛೋಟೀ ಆಹೇ, ಟೀಚರ್. ಆಮಚೀ ಆರತೀ ಮೋಠೀ," ಎಂದಳು. ನಿಮ್ಮ ಪ್ರಾರ್ಥನೆ ಚಿಕ್ಕದು, ನಮ್ಮ ಆರತಿ ದೊಡ್ಡದು. ಮರುದಿನ ಅವರು ಬಾಗಿ ನಿಂತು, ಗಣಪತಿಯ ಆರತಿ ಹಾಡನ್ನು ಗುನುಗಿದರು. ಅದು ಮುಗಿಯುವವರೆಗೂ ಒಬ್ಬರ ಹಿಮ್ಮಡಿಯೂ ಜಾರಲಿಲ್ಲ.

ಸಭೆಯಿಂದ ಬಂದವಳು ಆರತಿಗೆ ಎಡೆ ಕೊಡಬಹುದೇ ಎಂಬ ಅಳುಕು ನನಗೆ. ಪಾಸ್ಟರನ್ನು ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹಿಡದು ನಿಂತಾರಲ್ರೀ! ನಿಮ್ಮದೂ ನಡೀಲಿ, ಅವರದೂ ನಡೀಲಿ. ಕೇಳಾಂವಗ ಎಲ್ಲಾ ಭಾಷಾ ಬರತಾವ." ಅಂದಿನಿಂದ ಹುಣಸೆ ಮರದಡಿ ಒಂದು ಸುತ್ತು ನನ್ನ ಪ್ರಾರ್ಥನೆ, ಒಂದು ಸುತ್ತು ಅವರ ಆರತಿ.

ಚಳಿಗಾಲದಲ್ಲಿ ವಾಶಿಯ ಮೈದಾನವೊಂದರಲ್ಲಿ ಮಹಿಳಾ ಮಂಡಳಗಳ ಆಟೋಟ ಇತ್ತು. ನಮ್ಮವರು ಮೊದಲ ಬಾರಿ ಒಟ್ಟಾಗಿ ಡೊಂಬಿವಲಿಯ ಆಚೆ ಹೋದರು. ಎದುರು ಸಿಕ್ಕ ಎರಡು ತಂಡಗಳು ಗಡಿಬಿಡಿಯಲ್ಲಿ ಜಗ್ಗಿ, ದಣಿದು, ತಾವಾಗಿಯೇ ಜಾರಿ ಬಂದವು. ಫೈನಲ್‌ನಲ್ಲಿ ಎದುರಾದವರು ಠಾಣೆ ಪಟ್ಟಣದ ಕೋಪರಿಯ ಹೆಂಗಸರು. ಹಿಂದಿನ ವರ್ಷ ಗೆದ್ದವರು, ಮೈದಾನವೆಲ್ಲ ಅವರ ಕಡೆಗೇ ಕೂಗುತ್ತಿತ್ತು. ಮೂರರಲ್ಲಿ ಎರಡು ಗೆಲ್ಲಬೇಕು. ಮೊದಲನೆಯದರಲ್ಲಿ ನಮ್ಮವರು ಹೆದರಿ, ಕಲಿತದ್ದೆಲ್ಲ ಮರೆತು ಜಗ್ಗಿದರು. ಸೋತರು. ನಾನು ಬೈಯಲಿಲ್ಲ. ನೀರು ಕೊಟ್ಟು, "ಎಳೆಯಬೇಡಿ, ಬರೀ ನಿಲ್ಲಿ," ಎಂದೆ. ಎರಡನೆಯದರಲ್ಲಿ ನಿಂತರು. ಗೆದ್ದರು.

ಮೂರನೆಯದರಲ್ಲಿ ಎರಡೂ ಕಡೆಯವರು ನಿಂತುಬಿಟ್ಟರು. ಹಗ್ಗದ ನಡುವಿನ ಕೆಂಪು ಬಟ್ಟೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಹಗ್ಗದ ಕೊನೆಯಲ್ಲಿದ್ದ ನಮ್ಮ ಎತ್ತರದವಳ ಕತ್ತಿನ ನರ ಉಬ್ಬಿತ್ತು. ಮೆಲ್ಲಗೆ ಆರತಿಯ ಗುನುಗು ಶುರುವಾಯಿತು. ಪಕ್ಕದಲ್ಲಿ ಬಗ್ಗಿ ನಿಂತಿದ್ದ ನಾನೂ ನನ್ನ ಪ್ರಾರ್ಥನೆ ಹೇಳತೊಡಗಿದೆ. ಈ ಸಲ ಏನನ್ನೂ ಕೇಳಿಕೊಳ್ಳುತ್ತಿರಲಿಲ್ಲ. ಎಳೆಯಿರಿ ಎಂದು ಕೂಗಲು ನಾಲಿಗೆ ತುದಿಯಲ್ಲಿ ಮಾತು ತುಡಿಯುತ್ತಿತ್ತು, ಕೂಗಲಿಲ್ಲ. ನನ್ನದು ಮುಗಿಯಿತು. ಮತ್ತೆ ಮೊದಲಿನಿಂದ ಹೇಳಿದೆ. ಆಗ ಎದುರಿನ ತಂಡದ ಮುಂದಿನ ಹೆಂಗಸು ಹಿಡಿತ ಸರಿಪಡಿಸಿಕೊಳ್ಳಲು ಒಂದು ಹೆಜ್ಜೆ ಎತ್ತಿದಳು.

ಕಲಿತ ಮರಾಠಿಯೆಲ್ಲ ಮರೆತುಹೋಗಿ, "ಎಳೀರೀ!" ಎಂದು ಕನ್ನಡದಲ್ಲಿ ಕಿರುಚಿದೆ.

ಎಂಟು ಜನ ಒಂದೇ ಮೈಯಾಗಿ ಎಳೆದರು. ಕೆಂಪು ಬಟ್ಟೆ ನಮ್ಮ ಗೆರೆ ದಾಟಿತು. ನಮ್ಮವರೆಲ್ಲ ಬೆನ್ನಿನ ಮೇಲೆ ಬಿದ್ದು, ಆಕಾಶ ನೋಡುತ್ತಾ, ಹಗ್ಗ ಬಿಡದೆ ಕೂಗುತ್ತಿದ್ದರು. ನಾನೂ ಅವರ ನಡುವೆ ಬಿದ್ದೆ. ಕೋಪರಿಯ ಹೆಂಗಸರೇ ಬಂದು ನಮ್ಮನ್ನು ಎಬ್ಬಿಸಿದರು.

ಮರಳಿ ಬರುತ್ತಾ ಠಾಣೆಯಲ್ಲಿ ಗಾಡಿ ಬದಲಿಸುವಾಗ ಊರಿನಿಂದ ಹಿರಿಯರ ಫೋನ್ ಬಂತು. "ಏನು ಮಾರಾಯ್ತಿ, ಹುಡುಗರ ತಂಡ ಆಯ್ತಾ?"

"ಇಲ್ಲ, ಹೆಂಗಸರದ್ದಾಯ್ತು. ಗೆದ್ದರು!" ಎಂದೆ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವರಿಗೆ ಎಷ್ಟು ಕೇಳಿಸಿತೋ. ಅಷ್ಟರಲ್ಲಿ ಗಾಡಿ ಬಂತು. ಎಂಟು ಜೊತೆ ಕೈಗಳು ನನ್ನನ್ನು ಡಬ್ಬಿಯೊಳಗೆ ಎಳೆದುಕೊಂಡವು.