ಚಿಲಕ ಒಳಗಡೆಯೇ ಇತ್ತು

ಅತ್ತೆ, ನಿಮಗೆ ಮರೆವಿನ ಕಾಯಿಲೆ ಇಲ್ಲ. ಇದೆಯೆಂದು ನಿಮ್ಮನ್ನು ನಂಬಿಸಿದವಳು ನಾನು — ಗೊತ್ತಿದ್ದೂ, ಎಲ್ಲರೆದುರು, ನಗುನಗುತ್ತಾ.

ವಿಶ್ವವಿದ್ಯಾಲಯದ ಆ ಹಳೆಯ ಮರದ ಕಟ್ಟಡ, ಹುಡುಗಿಯರು ಕ್ಲಾಸುಗಳ ನಡುವಿನ ಬಿಡುವಿನಲ್ಲಿ ಹೋಗಿ ಕೂರುತ್ತಿದ್ದದ್ದು, ರಸ್ತೆ ಅಗಲ ಮಾಡಲು ಅಡ್ಡವಾಯಿತು. ಅದನ್ನು ಬಿಚ್ಚಿ ಹೊಸ ಕ್ಯಾಂಪಸ್ಸಿನ ಲೇಡೀಸ್ ಹಾಸ್ಟೆಲಿನ ಪಕ್ಕ ಮತ್ತೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮತ್ತೆ ಓದಿದ ಜಾಗ ಎಂದು ಆಫೀಸಿನಲ್ಲೆಲ್ಲ ಎಷ್ಟು ಜಂಬ ಕೊಚ್ಚಿಕೊಂಡಿದ್ದೆ!

ಬಿಚ್ಚುವಾಗ ನಮ್ಮದೊಂದು ಕ್ರಮವಿತ್ತು. ಪ್ರತಿ ಮರದ ತುಂಡಿಗೂ ಒಳಮುಖಕ್ಕೇ ಬಣ್ಣದಲ್ಲಿ ನಂಬರ್ ಬರೆಯುವುದು. ಜೋಡಿಸುವಾಗ ನಂಬರ್ ಒಳಕ್ಕೆ ಬರುವಂತೆ ಕೂರಿಸುವುದು. ಆದರೆ ಬಾಗಿಲ ಒಳಮುಖದ ತುಂಬ ಹೇರ್‌ಪಿನ್ನಿನಿಂದ ಕೆರೆದ ಹೆಸರುಗಳು. ತಮಿಳು, ಇಂಗ್ಲಿಷಿನ ನಡುವೆ ಕನ್ನಡದಲ್ಲಿ ಒಂದೇ ಒಂದು — ಪದ್ಮ. ನಿಮ್ಮದು. ಅದರ ಮೇಲೆ ಬಣ್ಣ ಬಳಿಯಲು ಮನಸ್ಸು ಬರಲಿಲ್ಲ. 'ಇದಕ್ಕೆ ಮಾತ್ರ ಹೊರಗಡೆ ಬರೀರಿ' ಎಂದೆ. ಜೋಡಿಸುವ ಬಡಗಿಗಳಿಗೆ ಅದನ್ನು ಹೇಳುವುದು ಬಿಟ್ಟುಹೋಯಿತು.

ಅವರು ಕ್ರಮದಂತೆಯೇ, ನಂಬರ್ ಒಳಕ್ಕೆ ಮಾಡಿ ಕೂರಿಸಿದರು. ಉದ್ಘಾಟನೆಯ ಹಿಂದಿನ ದಿನ ನೋಡುತ್ತೇನೆ — ಹೆಸರುಗಳು ಹೊರಗೆ, ಚಿಲಕವೂ ಹೊರಗೆ. ಛೆ, ಆಗಲೇ ಹೇಳಿಬಿಡಬಹುದಿತ್ತು! ಆದರೆ ಹಳೆಯದಕ್ಕೂ ಇದಕ್ಕೂ ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ದೊಡ್ಡವರೆಲ್ಲ ನನ್ನನ್ನು ಹೊಗಳಿಯಾಗಿತ್ತು. ನಾನು ಪಾಲಿಶ್ ಮಾಡುವವರನ್ನು ಕರೆಸಿದೆ. ಹೆಸರುಗಳನ್ನೆಲ್ಲ ಉಜ್ಜಿಸಿದೆ. ನಿಮ್ಮದನ್ನೂ... ನಿಂತು ನೋಡಿದೆ.

ಮರುದಿನ ನೀವು ಮೈಸೂರು ಸಿಲ್ಕ್ ಉಟ್ಟು ಬಂದಿರಿ. ಬಾಗಿಲು ಸವರಿ, "ಸುಧಾ, ಚಿಲಕ ಈ ಕಡೆ ಇರ್ಲಿಲ್ಲ ಕಣೇ. ಒಳಗಡೆ ಇತ್ತು, ನಾವೇ ಹಾಕ್ಕೋತಿದ್ವಿ" ಅಂದಿರಿ. ಮಧ್ಯಾಹ್ನ ಊಟಕ್ಕೆ ಕೂತು ಆ ಚಿಲಕ ಹಾಕಿಕೊಂಡಷ್ಟು ಹೊತ್ತು ಮಾತ್ರ ನಿಮ್ಮನ್ನು ಯಾರೂ ಕರೆಯುವಂತಿರಲಿಲ್ಲ, ನನಗೆ ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿದ ಕಥೆ.

ಎಲ್ಲರೂ ನನ್ನ ಮುಖ ನೋಡಿದರು.

"ಅಯ್ಯೋ, ನಿಮಗೆ ಮರ್ತುಹೋಗಿದೆ ಅತ್ತೆ" ಅಂದೆ.

ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಆಮೇಲೆ ಬಾಗಿಲಿನಿಂದ ಕೈ ತೆಗೆದಿರಿ.

ಅಲ್ಲಿಂದ ಶುರುವಾಯಿತು. ಬೀಗದಕೈ ಕಾಣದಿದ್ದರೆ, ಹಾಲು ಉಕ್ಕಿದರೆ, 'ನನಗೆ ಮರೆವು ಬಿಡಮ್ಮ'. ಅಣ್ಣಾ ನಗರದಿಂದ ಬಸ್ಸು ಹತ್ತಿ ಒಬ್ಬರೇ ಪುರಸೈವಾಕ್ಕಂಗೆ ಹೋಗಿ ಅಂಗಡಿಯವರ ಹತ್ತಿರ ಜಗಳವಾಡಿ ಸೀರೆ ತರುತ್ತಿದ್ದವರು, ದಾರಿ ತಪ್ಪಿದರೆ ಎಂದು ಗೇಟು ದಾಟುವುದನ್ನೇ ಬಿಟ್ಟಿರಿ. ನಾನು ನೋಡುತ್ತಲೇ ಇದ್ದೆ. ಪ್ರತಿ ಸಲವೂ ಇವತ್ತು ಹೇಳುತ್ತೇನೆ, ಇವತ್ತು — ಎಂದುಕೊಂಡು ಬೇರೆ ಮಾತು ತೆಗೆಯುತ್ತಿದ್ದೆ.

ಹೋದ ವಾರ ಕೆಲಸದ ಮೇಲೆ ಆ ಕಟ್ಟಡಕ್ಕೆ ಹೋಗಿದ್ದೆ. ಈಗ ಅದು ಹಾಸ್ಟೆಲಿನ ಹುಡುಗಿಯರು ಓದುವ ಕೋಣೆ. ಸಂಜೆಯಾದರೆ ವಾರ್ಡನ್ ಹೊರಗಿನಿಂದ ಚಿಲಕ ಹಾಕುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ, "ಅಂದಿನಿಂದಲೂ ಹಾಗೇ ಅಲ್ವಾ ಮೇಡಂ? ನೀವೇ ಕಟ್ಟಿಸಿದ್ದು" ಅಂದರು. ಅವರು ಆಚೆ ಹೋದ ಮೇಲೆ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು.

"ಅಕ್ಕಾ... ಕದವೆ ತೊರಂಗೊ ಅಕ್ಕಾ."

ತೆರೆದೆ. ತಲೆನೋವಿನ ಮಾತ್ರೆಗಾಗಿ ಹೊರಟ ಹುಡುಗಿ. ಥ್ಯಾಂಕ್ಸ್ ಅಂದಳು — ನನಗೆ!

ನಿನ್ನೆ ವಾರ್ಡನ್‌ಗೂ ಅವರ ಮೇಲಿನವರಿಗೂ ಎಲ್ಲ ಹೇಳಿದೆ. ಬಾಗಿಲು ತಿರುಗಿಸಿ ಕೂರಿಸುತ್ತಾರಂತೆ. ಉಜ್ಜಿದ ಹೆಸರುಗಳು ಬರುವುದಿಲ್ಲ. ನೀವು ಮನೆಯೊಳಗೇ ಕಳೆದ ವರ್ಷಗಳೂ ಬರುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖವೂ ನನಗಿಲ್ಲ.

ಇದನ್ನು ಓದಿದ ಮೇಲೆ ನನ್ನ ಜೊತೆ ಮಾತು ಬಿಟ್ಟರೂ ಸರಿ. ಆದರೆ ಚಪ್ಪಲಿ ಮೆಟ್ಟಿಕೊಂಡು ಪುರಸೈವಾಕ್ಕಂಗೆ ಹೋಗಿಬನ್ನಿ ಅತ್ತೆ, ಒಬ್ಬರೇ. ನಿಮಗೆ ದಾರಿ ಗೊತ್ತು.