ವಿಷ ಇಳೀತಾ ಇದೆ ಎಂದು ನಾನು ಹೇಳಿದ್ದು

ಗಂಗಣ್ಣ, ನಾನು ಮಾತ್ರೆ ತೆಗೆದುಕೊಂಡಿದ್ದೆ. ಡಾಕ್ಟರು ಬರೆದುಕೊಟ್ಟಷ್ಟನ್ನೂ, ಒಂದು ಹೊತ್ತೂ ತಪ್ಪಿಸದೆ ನುಂಗಿದ್ದೆ. ಮೊನ್ನೆ ಫೋನಿನಲ್ಲಿ ನಿಮಗೆ ಹೇಳಿದ್ದು ಇಷ್ಟೇ. ಅದು ಅರ್ಧ ಮಾತ್ರ. ಉಳಿದರ್ಧ ಇದಕ್ಕಿಂತ ಕೆಟ್ಟದ್ದು — ಅದನ್ನು ಹೇಳುವ ಮೊದಲೇ ನೀವು ಫೋನ್ ಇಟ್ಟಿರಿ. ಅಥವಾ ನೀವು ಇಟ್ಟುಬಿಡಲಿ ಎಂದೇ ನಾನು ಸುಮ್ಮನಿದ್ದೆನೋ ಏನೋ. ನನ್ನನ್ನು ನಾನೇ ಪೂರ್ತಿ ನಂಬುವ ಕಾಲ ಮುಗಿದಿದೆ.

ವಿಜಯನಗರದ ನಮ್ಮ ಪಾರ್ಕಿನಲ್ಲಿ ಎಲ್ಲರೂ ನನ್ನನ್ನು ಮೇಷ್ಟ್ರು ಅನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಕರೆಂಟ್ ಬಿಲ್ಲಿನ ತಕರಾರು ಕೇಳುತ್ತ ನಿವೃತ್ತನಾದ ಗುಮಾಸ್ತ. ಬೆಳಿಗ್ಗೆ ನಾಲ್ಕು ಜನಕ್ಕೆ ಆಸನ ತೋರಿಸಿದೆ, ಮೇಷ್ಟ್ರಾದೆ. ಯಾರದೋ ಮಂಡಿ ನೋವಿಗೆ ಒಂದು ಸೊಪ್ಪು ಹೇಳಿದೆ, ಅದು ತಾನಾಗಿಯೇ ಕಡಿಮೆಯಾಯಿತು, ವೈದ್ಯನೂ ಆದೆ. ಎಲ್ಲ ಕಾಯಿಲೆಗೂ ಮೈಯಲ್ಲಿ ಸೇರಿಕೊಂಡ ವಿಷವೇ ಮೂಲ, ಅದನ್ನು ಇಳಿಸಿದರೆ ಸಾಕು ಎನ್ನುವುದು ನನ್ನ ಸಿದ್ಧಾಂತ. ಗೇಟಿನ ಹೊರಗೆ ಬೂದುಗುಂಬಳದ ರಸ, ಅಮೃತಬಳ್ಳಿ ಕಷಾಯ ಮಾರುವ ಗಾಡಿಯವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. "ಮೇಷ್ಟ್ರಿಗೆ ಗಾಡೀಲಿ ಪಾಲಿದೆ ಕಣ್ರಪ್ಪ" ಎಂದು ನೀವು ಎಲ್ಲರೆದುರು ಛೇಡಿಸುತ್ತಿದ್ದಿರಿ. ಛೇಡಿಸುತ್ತಲೇ ಎಲ್ಲರಿಗಿಂತ ಹೆಚ್ಚು ನಂಬಿದವರೂ ನೀವೇ.

ಆಗ ನೀವು ಡ್ರೈವಿಂಗ್ ಸ್ಕೂಲ್ ಗಂಗಣ್ಣ. ಮಾರೇನಹಳ್ಳಿಯ ಅಡ್ಡರಸ್ತೆಗಳಲ್ಲಿ ಹೆದರಿಕೊಂಡು ಸ್ಟೇರಿಂಗ್ ಹಿಡಿದ ಅದೆಷ್ಟೋ ಹೆಣ್ಣುಮಕ್ಕಳ ಪಕ್ಕದಲ್ಲಿ ಕೂತು, ನಿಮ್ಮ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಒಮ್ಮೆಯೂ ದನಿ ಏರಿಸದೆ ಕಲಿಸಿದವರು. ಗುಡ್ಡದಂಥ ತಾಳ್ಮೆ ನಿಮ್ಮದು. ಆ ಕಾಲಿನ ವಿಷಯಕ್ಕೇ ಬರಬೇಕು ನಾನು.

ಮೂರು ವರ್ಷದ ಹಿಂದೆ ನಮ್ಮ ಗುಂಪು ಕೆಂಗೇರಿ ಆಚೆಯ ಕುರುಚಲು ಕಾಡಿಗೆ ನಡಿಗೆಗೆ ಹೋಯಿತಲ್ಲ. ಹುಲ್ಲಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಮನೆಗೆ ಬಂದ ಮೇಲೆ ನನ್ನ ಮಂಡಿಯ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು — ನಾಯಿ, ದನಗಳ ಮೈಗೆ ಅಂಟಿ ರಕ್ತ ಹೀರುವ ಆ ಸಣ್ಣ ಹುಳು. ಕಿತ್ತು ಬಿಸಾಡಿದೆ. ನಿಮ್ಮ ಸೊಂಟದ ಹತ್ತಿರವೂ ಒಂದು ಇತ್ತು ಎಂದು ಮರುದಿನ ನೀವೇ ನಗುತ್ತ ಹೇಳಿದಿರಿ. ಕೆಲವು ದಿನಕ್ಕೆ ನನಗೆ ಜ್ವರ ಹತ್ತಿತು. ತಲೆ ಸಿಡಿಯುವಷ್ಟು ನೋವು, ಅಂಗೈಯಲ್ಲಿ ಕೆಂಪು ಚುಕ್ಕೆ. ನನ್ನ ಸಿದ್ಧಾಂತ ಒಂದೇ ದಿನಕ್ಕೆ ಮಂಚದ ಕೆಳಗೆ ಹೋಯಿತು. ಪರಿಚಯದವರು ಯಾರೂ ಕಾಣಬಾರದೆಂದು ರಾಜಾಜಿನಗರದವರೆಗೆ ಆಟೋದಲ್ಲಿ ಹೋಗಿ ಅಲ್ಲೊಬ್ಬರು ಲೇಡಿ ಡಾಕ್ಟರಿಗೆ ತೋರಿಸಿದೆ. ಇದು ಉಣುಗಿನಿಂದ ಬರುವ ಜ್ವರ, ಈ ಮಾತ್ರೆ ಪೂರ್ತಿ ಮುಗಿಸಬೇಕು ಅಂದರು. ಸರಿ ಎಂದು ತಲೆಯಾಡಿಸಿ ಬಂದೆ.

ಮಾತ್ರೆ ಶುರುವಾದ ಮಾರನೆಯ ದಿನ ನನಗೆ ಇನ್ನೂ ಜಾಸ್ತಿಯಾಯಿತು. ಇದನ್ನು ಗಮನವಿಟ್ಟು ಓದಿ, ಗಂಗಣ್ಣ. ಮೈ ನಡುಗಿತು, ಕೈ ಬೆರಳು ಜೋಮು ಹಿಡಿಯಿತು, ನಮ್ಮ ಮನೆ ಯಾವ ಕ್ರಾಸಿನಲ್ಲಿದೆ ಎಂಬುದೇ ಒಂದು ಗಳಿಗೆ ನೆನಪಿಗೆ ಬರಲಿಲ್ಲ. ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಮೈಯಲ್ಲಿ ವಿಷ ತುಂಬಿಕೊಂಡಿದೆಯೇ, ಮಾತ್ರೆ ನಿಲ್ಲಿಸಿ ಅದನ್ನು ಇಳಿಸಬೇಕೇ ಎಂದು ಕೇಳಿದೆ. ಆಕೆ ಬೇಸರಪಡದೆ ಉತ್ತರ ಕೊಟ್ಟರು. "ರೋಗಾಣು ಸಾಯೋವಾಗ ಒಂದೆರಡು ದಿನ ಕೆಲವರಿಗೆ ಹೀಗೆ ಜಾಸ್ತಿ ಅನ್ಸುತ್ತೆ ಸಾರ್. ಅದನ್ನ ಹೊರಗೆ ಹಾಕೋಕೆ ನಿಮ್ಮ ಲಿವರ್ ಇದೆ, ಕಿಡ್ನಿ ಇದೆ. ನೀವು ನೀರು ಕುಡೀರಿ, ಊಟ ಬಿಡ್ಬೇಡಿ, ಮಲಗಿ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ. ಮಾತು ತೊದಲಿದ್ರೆ, ಗಲಿಬಿಲಿ ಇನ್ನೊಮ್ಮೆ ಆದ್ರೆ ಮನೇಲಿ ಕೂತ್ಕೋಬೇಡಿ, ತಕ್ಷಣ ಬನ್ನಿ."

ಹಾಗೇ ಮಾಡಿದೆ. ಕಡಿಮೆಯಾಯಿತು.

ಮಾತ್ರೆ ಇನ್ನೂ ಮುಗಿಯದಿದ್ದಾಗಲೇ ಪಾರ್ಕಿಗೆ ಬಂದೆ. ಏನು ತಗೊಂಡ್ರಿ ಮೇಷ್ಟ್ರೇ, ಇಷ್ಟು ಬೇಗ ಎದ್ದು ಬಂದ್ರಲ್ಲ ಎಂದು ಯಾರೋ ಕೇಳಿದರು. ಬೂದುಗುಂಬಳದ ರಸ ಎಂದೆ. ಅದನ್ನು ಕುಡಿದದ್ದೂ ನಿಜವೇ. ಇಂಗ್ಲಿಷ್ ಔಷಧಿ ಇಲ್ಲದೆಯೇ ಎಂದು ನೀವು ಬೆರಗಾಗಿ ಕೇಳಿದಿರಿ. ನಾನು ಸುಮ್ಮನೆ ನಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಬಹಳ ಹಿತವಾಗಿತ್ತು — ಕಚೇರಿಯಲ್ಲಿ ನನ್ನ ಬೀಳ್ಕೊಡುಗೆಯ ದಿನವೂ ಯಾರೂ ಅಷ್ಟು ಜೋರಾಗಿ ತಟ್ಟಿರಲಿಲ್ಲ. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಲಲಿತಾ ಮಾತ್ರೆಯನ್ನೂ ನೀರನ್ನೂ ಮುಂದಿಟ್ಟು, "ಯಾಕ್ರೀ ಸುಳ್ಳು ಹೇಳ್ತೀರ?" ಎಂದು ಕೇಳಿದಳು. ಸುಳ್ಳು ಹೇಳಿಲ್ಲ, ಸುಮ್ಮನಿದ್ದೆ ಅಷ್ಟೆ ಎಂದೆ.

ಅದೇ ವಾರ ನಿಮಗೂ ಜ್ವರ ಬಂತು. ನೀವು ನನ್ನ ಹಾಗೆ ಕದ್ದು ಹೋಗಲಿಲ್ಲ; ಮಾರೇನಹಳ್ಳಿಯ ಡಾಕ್ಟರಿಗೆ ತೋರಿಸಿದಿರಿ, ಅವರೂ ಅದೇ ಮಾತ್ರೆ ಕೊಟ್ಟರು. ಎರಡನೆಯ ದಿನ ನಾನು ನಿಮ್ಮನ್ನು ನೋಡಲು ಬಂದಾಗ ನೀವು ಹೊದ್ದು ನಡುಗುತ್ತಿದ್ದಿರಿ. ನಿಮ್ಮ ಮನೆಯವರು, ಪ್ರೇಮಮ್ಮ, ಬಾಗಿಲಲ್ಲೇ ಸಿಕ್ಕಿ, "ಮಾತ್ರೆ ತಗೊಂಡ್ಮೇಲೇ ಜಾಸ್ತಿ ಆಗಿದೆ ಮೇಷ್ಟ್ರೇ, ಏನ್ಮಾಡೋದು?" ಅಂದರು. ನೀವು ಮಲಗಿದಲ್ಲಿಂದಲೇ, "ನೀವು ಮಾತ್ರೆ ಇಲ್ದೇನೇ ಗೆದ್ರಿ. ನಂಗೂ ಅದೇ ಹೇಳಿ" ಅಂದಿರಿ.

ಆ ಗಳಿಗೆಯಲ್ಲಿ ನನಗೆ ಉತ್ತರ ಗೊತ್ತಿತ್ತು. ಊಹೆಯಲ್ಲ, ಅನುಮಾನವಲ್ಲ — ಡಾಕ್ಟರು ಹೇಳಿದ ಒಂದೊಂದು ಮಾತೂ ಕಿವಿಯಲ್ಲಿತ್ತು. ನೀರು ಕುಡೀರಿ, ಮಾತ್ರೆ ನಿಲ್ಲಿಸ್ಬೇಡಿ, ನನಗೂ ಹೀಗೇ ಆಗಿತ್ತು. ಇಷ್ಟು ಹೇಳಿದ್ದರೆ ಸಾಕಾಗಿತ್ತು. ಆದರೆ ಹಾಗೆ ಹೇಳಬೇಕಾದರೆ ನಾನೂ ಮಾತ್ರೆ ನುಂಗುತ್ತಿದ್ದೇನೆ ಎಂದೂ ಹೇಳಬೇಕಿತ್ತು. ಪಾರ್ಕಿಗೆ ಗೊತ್ತಾಗುತ್ತಿತ್ತು. ನಾನು ಏನು ಹೇಳಿದೆ ನಿಮಗೆ ನೆನಪಿದೆ.

"ಹೆದರ್ಬೇಡಿ ಗಂಗಣ್ಣ, ಇದು ವಿಷ ಇಳೀತಾ ಇರೋ ಲಕ್ಷಣ. ಮಾತ್ರೆ ನಿಲ್ಸಿ, ಅದೂ ವಿಷಾನೇ."

ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ, ಬೆಳಿಗ್ಗೆ ಹರಳೆಣ್ಣೆ, ಹಗಲೆಲ್ಲ ಬರೀ ಬೂದುಗುಂಬಳದ ರಸ — ಪಥ್ಯವನ್ನೆಲ್ಲ ಪ್ರೇಮಮ್ಮನಿಗೆ ವಿವರವಾಗಿ ಹೇಳಿಕೊಟ್ಟು ಮನೆಗೆ ಬಂದೆ. ಬಂದು ಊಟ ಮಾಡಿ ನನ್ನ ಮಾತ್ರೆ ತೆಗೆದುಕೊಂಡೆ. ಹೌದು, ಅದೇ ದಿನ. ಇದೇ ಆ ಉಳಿದರ್ಧ.

ಹರಳೆಣ್ಣೆಗೆ ನಿಮ್ಮ ಮೈಯ ನೀರೆಲ್ಲ ಇಳಿಯಿತು. ಜ್ವರ ಬಿಡಲಿಲ್ಲ. ನಡಿಗೆ ತಪ್ಪಿತು, ಮಾತು ತೊದಲಿತು. ಪ್ರೇಮಮ್ಮ ಫೋನ್ ಮಾಡಿದಾಗಲೆಲ್ಲ ಇನ್ನೂ ಇಳೀತಾ ಇದೆ, ಇಳೀಲಿ ಎಂದೆ. ತೊದಲು ಅಂದ ಕೂಡಲೇ ನನಗೆ ಡಾಕ್ಟರ ಮಾತು ನೆನಪಾಗಿತ್ತು, ಆದರೂ ಬಾಯಿ ಮಾತ್ರ ಅದೇ ಪಾಠ ಒಪ್ಪಿಸುತ್ತಿತ್ತು. ಕೊನೆಗೆ ಒಂದು ಮಧ್ಯಾಹ್ನ ನೀವು ಪ್ರೇಮಮ್ಮನ ಗುರುತು ಹಿಡಿಯಲಿಲ್ಲ. ಅವರನ್ನು ಯಾರೋ ಕಲಿಯಲು ಬಂದ ಹೆಂಗಸು ಅಂದುಕೊಂಡು, "ಕ್ಲಚ್ ಮೆಲ್ಲಗೆ ಬಿಡಮ್ಮ, ಗಾಬರಿ ಆಗ್ಬೇಡ" ಎಂದು ಸಮಾಧಾನ ಮಾಡುತ್ತಿದ್ದಿರಿ. ಆಗ ಅವರು ನನ್ನನ್ನು ಕೇಳಲಿಲ್ಲ. ನೇರ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಿಮ್ಮನ್ನು ಉಳಿಸಿದ್ದು ಪ್ರೇಮಮ್ಮ, ಗಂಗಣ್ಣ.

ಮಾತ್ರೆ ನಿಲ್ಲಿಸಲು ಹೇಳಿದವರು ಯಾರು ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು. ಪ್ರೇಮಮ್ಮ ನನ್ನ ಕಡೆ ನೋಡದೆ, "ನಾವೇ ಸಾರ್, ಹೀಟ್ ಆಯ್ತು ಅಂತ" ಎಂದರು. ನಾನು ಅಲ್ಲೇ ನಿಂತಿದ್ದೆ, ಕೈಯಲ್ಲಿ ಎಳನೀರು ಹಿಡಿದುಕೊಂಡು. ಬಾಯಿ ಬಿಡಲಿಲ್ಲ.

ನೀವು ಉಳಿದಿರಿ. ಆದರೆ ಎಡಗಿವಿ ಹೋಯಿತು, ಬಲಗಾಲಿನ ಪಾದ ಜೋಮಾಗಿಯೇ ಉಳಿಯಿತು. ಮತ್ತೆ ಕೆಲಸಕ್ಕೆ ಕೂತ ಮೊದಲ ದಿನವೇ ಕಾಲು ಬ್ರೇಕಿನ ಮೇಲಿದೆಯೋ ಪಕ್ಕದಲ್ಲಿದೆಯೋ ಗೊತ್ತಾಗದೆ ಕಾರು ಹೂವಿನ ಗಾಡಿಗೆ ತಾಗಿತು. ಯಾರಿಗೂ ಏಟಾಗಲಿಲ್ಲ. ಆದರೂ ನೀವು ಅಂದೇ ಕೀಲಿಯನ್ನು ಇನ್ನೊಬ್ಬರಿಗೆ ಕೊಟ್ಟಿರಿ. ಈಗ ಸ್ಕೂಲಿನ ಮೇಜಿನ ಹಿಂದೆ ಕೂತು ಲೈಸೆನ್ಸಿನ ಅರ್ಜಿ ತುಂಬಿಸುತ್ತೀರಿ. ಒಂದೇ ಒಂದು ದಿನವೂ ನನ್ನನ್ನು ದೂರಲಿಲ್ಲ.

ದೂರಿದ್ದರೆ ಚೆನ್ನಾಗಿತ್ತು. ನೀವು ಮಾಡಿದ್ದು ಬೇರೆ. ಆಸ್ಪತ್ರೆಯಿಂದ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಪಾರ್ಕಿನ ಕಲ್ಲುಬೆಂಚಿನಲ್ಲಿ ನನ್ನ ಪಕ್ಕ ಕೂತು ತಲೆತಗ್ಗಿಸಿ ಹೇಳಿದಿರಿ:

"ಮೇಷ್ಟ್ರೇ, ನಿಮಗೊಂದು ಮೋಸ ಮಾಡಿದೀನಿ. ಪಥ್ಯ ಮುರಿದಿದ್ದೆ. ಹಸಿವು ತಡೀಲಿಲ್ಲ, ಪ್ರೇಮಾ ಅಂಗಡಿಗೆ ಹೋಗಿದ್ದಾಗ ಪಕ್ಕದ ಮನೆಯವರ ಹತ್ರ ದೋಸೆ ತರಿಸ್ಕೊಂಡು ತಿಂದ್ಬಿಟ್ಟೆ. ಅದಕ್ಕೇ ಹಿಂಗಾಯ್ತು. ನಿಮ್ಮ ಹೆಸರು ಹಾಳು ಮಾಡ್ದೆ. ಕ್ಷಮಿಸ್ಬಿಡಿ."

ನಾನು ನಿಮ್ಮ ಹೆಗಲ ಮೇಲೆ ಕೈಯಿಟ್ಟೆ. "ಹೋಗ್ಲಿ ಬಿಡಿ ಗಂಗಣ್ಣ. ಇನ್ಮೇಲಾದ್ರೂ ನಾಲಿಗೆ ಹಿಡಿತದಲ್ಲಿಟ್ಕೊಳ್ಳಿ" ಎಂದೆ.

ನನ್ನ ಜೀವಮಾನದಲ್ಲಿ ಇದಕ್ಕಿಂತ ಹೀನವಾದ ಮಾತು ನಾನು ಆಡಿಲ್ಲ. ಮಾತ್ರೆ ನಿಲ್ಲಿಸಿ ಅಂದಾಗ ಭಯವಿತ್ತು, ಮರ್ಯಾದೆಯ ಚಿಂತೆಯಿತ್ತು. ಇಲ್ಲಿ ಏನೂ ಇರಲಿಲ್ಲ. ನೀವು ಕ್ಷಮೆ ಕೇಳಿದಿರಿ, ನಾನು ದೊಡ್ಡ ಮನುಷ್ಯನ ಹಾಗೆ ಕೊಟ್ಟೆ. ಕೊಟ್ಟಾಗ ಒಂದು ಬಗೆಯ ನೆಮ್ಮದಿಯೂ ಆಯಿತು — ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ನಿಜ. ಮನೆಯಲ್ಲೂ ನೀವು ಅದನ್ನೇ ಹೇಳಿಕೊಂಡಿರಿ; ಅಂದಿನಿಂದ ಪ್ರೇಮಮ್ಮ ಆ ದೋಸೆಯ ವಿಷಯಕ್ಕೆ ನಿಮ್ಮನ್ನು ಬಯ್ಯುವುದನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ. ನೀವು ತಪ್ಪಿತಸ್ಥನ ಹಾಗೆ ನಗುತ್ತಿದ್ದಿರಿ. ನಾನೂ ನಕ್ಕಿದ್ದೇನೆ.

ಹೀಗೆಯೇ ನಡೆದುಹೋಗುತ್ತಿತ್ತೇನೋ, ನಿಮ್ಮ ಮಗಳು ಶ್ವೇತಾಳಿಗೆ ಜ್ವರ ಬಾರದಿದ್ದರೆ. ಕೆಂಗೇರಿಯ ತನ್ನ ಮನೆಯಲ್ಲಿ ಅವಳು ಸಾಕಿದ ನಾಯಿಯ ಮೈಮೇಲೆ ಉಣುಗು, ಅದೇ ಜ್ವರ, ಅದೇ ಮಾತ್ರೆ. ಮೊನ್ನೆ ಬೆಳಿಗ್ಗೆ ನಾನು ಸೊಪ್ಪು ಬಿಡಿಸುತ್ತ ಕೂತಿದ್ದಾಗ ನಿಮ್ಮ ಫೋನು ಬಂತು.

"ಮೇಷ್ಟ್ರೇ, ನಮ್ಮ ಶ್ವೇತಾಗೆ ಮಾತ್ರೆ ತಗೊಂಡ್ಮೇಲೆ ಕೈ ನಡುಗ್ತಾ ಇದೆ, ತಲೆ ಸುತ್ತುತ್ತಂತೆ. ಮಾತ್ರೆ ನಿಲ್ಸಿ ನಿಮ್ಮ ಪಥ್ಯ ಶುರು ಮಾಡ್ತೀನಿ. ನಾನೇ ಪಕ್ಕದಲ್ಲಿ ಕೂತ್ಕೋತೀನಿ. ಈ ಸಲ ಒಂದು ತುತ್ತೂ ಮುರಿಯೋಕೆ ಬಿಡಲ್ಲ."

ನಿಲ್ಲಿಸಬೇಡಿ ಎಂದೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ನೀರು ಕುಡಿಸಿ, ಮಾತು ತೊದಲಿದರೆ ಆಸ್ಪತ್ರೆಗೆ ಓಡಿ ಎಂದೆ. ನಿಮಗೆ ಅರ್ಥವಾಗಲಿಲ್ಲ. ಯಾಕೆ, ನೀವು ಮಾತ್ರೆ ಇಲ್ಲದೇ ವಾಸಿಯಾದಿರಲ್ಲ ಎಂದಿರಿ. ಆಗ ಹೇಳಿದೆ. ನೀವು, "ಎಲ್ಲಾನೂ ತಗೊಂಡಿದ್ರಾ?" ಎಂದು ಕೇಳಿದಿರಿ. ಎಲ್ಲಾನೂ ಎಂದೆ. "ಸರಿ. ಮಗೂಗೆ ಮಾತ್ರೆ ಹೊತ್ತಾಯ್ತು" ಎಂದು ಫೋನ್ ಇಟ್ಟಿರಿ.

ಶ್ವೇತಾಳ ಜ್ವರ ಇಳಿದಿದೆಯಂತೆ. ಲಲಿತಾ ವಿಚಾರಿಸಿ ತಿಳಿದುಕೊಂಡಳು. ನೀವು ಪಾರ್ಕಿಗೆ ಬಂದಿಲ್ಲ. ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ನಾನೂ ಅಲ್ಲಿ ನಿಂತು ಯಾರಿಗೂ ಏನೂ ಹೇಳಿಕೊಡುತ್ತಿಲ್ಲ. ಯಾಕೆಂದು ಕೇಳಿದವರಿಗೆ ನಿಜ ಹೇಳಿದ್ದೇನೆ. ಕೆಲವರು ನಂಬಲಿಲ್ಲ, ಕೆಲವರು ಎದ್ದು ಹೋದರು. ಅದೇನೂ ದೊಡ್ಡ ಶಿಕ್ಷೆಯಲ್ಲ.

ದೋಸೆಯಿಂದ ನಿಮಗೆ ಏನೂ ಆಗಲಿಲ್ಲ, ಗಂಗಣ್ಣ. ಆ ದಿನಗಳಲ್ಲಿ ನಿಮ್ಮ ಹೊಟ್ಟೆಗೆ ಬಿದ್ದ ಒಳ್ಳೆಯ ಪದಾರ್ಥ ಅದೊಂದೇ. ನಿಮ್ಮನ್ನು ಕ್ಷಮಿಸಲು ನನಗೆ ಯಾವ ಹಕ್ಕೂ ಇರಲಿಲ್ಲ, ಕ್ಷಮಿಸಬೇಕಾದ ತಪ್ಪೂ ನಿಮ್ಮದಿರಲಿಲ್ಲ. ನನ್ನನ್ನು ಕ್ಷಮಿಸಿ ಎಂದು ಇಲ್ಲಿ ಬರೆಯುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ ಎಂಬ ಭಯ ನನಗಿದೆ.

ಒಂದು ಕೆಲಸ ಮಾತ್ರ ಬಾಕಿಯಿದೆ. ಮೂರು ವರ್ಷದಿಂದ ಪ್ರೇಮಮ್ಮ ತಪ್ಪು ಮನುಷ್ಯನನ್ನು ಬಯ್ಯುತ್ತಿದ್ದಾರೆ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಅವರು ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ.