ಓರಗಿತ್ತಿಯ ಬೆರಳು

ನಾಟಕ ತಂಡದವರು ಆಕೆಯನ್ನು ಸದ್ದಕ್ಕ ಎನ್ನುತ್ತಿದ್ದರು. ಬಾಯಿ ಜೋರು ಎಂದಲ್ಲ, ಬಾಯಿ ಬಿಡುವುದೇ ಅಪರೂಪ. ನಾಟಕದಲ್ಲಿ ಗಾಳಿ ಬೀಸಬೇಕೆಂದರೆ, ರೈಲು ಹೋಗಬೇಕೆಂದರೆ ಆ ಸದ್ದು ಹೊರಡುತ್ತಿದ್ದದ್ದು ಆಕೆಯ ಕೈಯಿಂದ. ಹಗಲೆಲ್ಲ ಕಿವಿ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕಿವಿಯಂತ್ರ ರಿಪೇರಿ ಮಾಡುವ ಕೆಲಸ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸೂಜಿಮೊನೆಯ ಚಿಮಟ, ಮುಂದೆ ಯಾರದೋ ತಾತನ ಕಿವಿಯ ಗುಗ್ಗೆ ತುಂಬಿದ ಯಂತ್ರ. ಕೈ ಒಂದಿಷ್ಟು ನಡುಗಿದರೂ ಕೆಲಸ ಕೆಟ್ಟಿತು. ಅಷ್ಟು ಸಣ್ಣ ಕೆಲಸ ಮಾಡುವವಳಿಗೆ ಮನಸ್ಸೂ ಸಣ್ಣದಾಯಿತೇ ಎಂದು ಈಗಲೇ ಕೇಳಬೇಡಿ, ಕಥೆ ಅಲ್ಲಿಗೇ ಬರುತ್ತದೆ.

ಮನೆಯ ಮಹಡಿಯಲ್ಲಿ ಒಂದು ಗೋಡೆ ಪೂರ್ತಿ ಆಕೆಯ ಸಿಂಥಸೈಜರ್, ಕರೆಂಟಿನಿಂದ ಸದ್ದು ಹುಟ್ಟಿಸುವ ವಾದ್ಯ. ಅಂಗಡಿಯಿಂದ ಎತ್ತಿಕೊಂಡು ಬಂದದ್ದಲ್ಲ; ಬಿಡಿ ತುಂಡುಗಳಿಗೆ ತಾನೇ ಬೆಸುಗೆ ಹಾಕಿ, ಮರದ ಚೌಕಟ್ಟಿಗೆ ಕೂರಿಸಿ, ವರ್ಷಗಟ್ಟಲೆ ಕಟ್ಟಿದ್ದು. ಒಂದು ತುಂಡು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಏರಿಸಿ ಇಳಿಸುತ್ತದೆ. ಯಾವುದರಿಂದ ಯಾವುದಕ್ಕೆ ವೈರು ಹೋಗಬೇಕೆಂಬುದು ಆಕೆಗೊಬ್ಬಳಿಗೇ ಗೊತ್ತು. ನುಡಿಸಲು ಮಾತ್ರ ಹಳೆಯದೊಂದು ಕೀಬೋರ್ಡು. ಒತ್ತಿದರೆ ಸ್ವರ ಬಂತು, ಬಿಟ್ಟರೆ ಹೋಯಿತು, ಬಾಗಿಲ ಕರೆಗಂಟೆಯ ಹಾಗೆ. ಜೋತುಬಿದ್ದ ಬಣ್ಣಬಣ್ಣದ ವೈರುಗಳನ್ನು ನೋಡಿ ಅತ್ತೆ, "ಬಟ್ಟೆ ಒಣಗಹಾಕೋಕೆ ಒಂದು ಹಗ್ಗವಾದ್ರೂ ಬಿಡಮ್ಮ ತಾಯಿ" ಎನ್ನುತ್ತಿದ್ದರು.

ಹೀಗಿರುವಾಗ ಮೈದುನನ ಮದುವೆಯಾಯಿತು, ಓರಗಿತ್ತಿ ಬಂದಳು. ಮಕ್ಕಳಿಗೆ ಈಜು ಕಲಿಸುವವಳು. ಯಾವಾಗ ನೋಡಿದರೂ ಒದ್ದೆ ಕೂದಲು, ಯಾವಾಗ ನೋಡಿದರೂ ನಗು. ಬಟ್ಟೆಯ ಪೆಟ್ಟಿಗೆಗಳ ಜೊತೆಗೆ ಒಂದು ಕೀಬೋರ್ಡನ್ನೂ ತಂದಿದ್ದಳು. ಅದರ ಬೆರಳೊತ್ತುವ ಮನೆಗಳು ಗಟ್ಟಿ ಪ್ಲಾಸ್ಟಿಕ್ಕಿನವಲ್ಲ, ಮೆತ್ತನೆಯ ರಬ್ಬರಿನವು. ಬೆರಳು ಎಷ್ಟು ಒತ್ತಿತು, ಪಕ್ಕಕ್ಕೆ ಎಷ್ಟು ಅಲುಗಿತು, ಮೇಲೆ ಕೆಳಗೆ ಎಷ್ಟು ಜಾರಿತು ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ, ಅದೂ ಒಂದೊಂದು ಬೆರಳಿನದೂ ಬೇರೆಬೇರೆಯಾಗಿ.

"ಅಕ್ಕಾ, ಇದನ್ನ ನಿಮ್ಮ ಗೋಡೆಗೆ ಜೋಡಿಸೋಕಾಗುತ್ತಾ?"

ಆಗದೆ ಏನು. ಕೀಬೋರ್ಡು ಅಂಕಿಗಳಲ್ಲಿ ಮಾತಾಡುತ್ತದೆ, ಗೋಡೆಗೆ ಕರೆಂಟಿನ ಭಾಷೆಯೊಂದೇ ಗೊತ್ತು. ನಡುವೆ ದುಭಾಷಿಯಂಥ ಒಂದು ಪುಟ್ಟ ಪೆಟ್ಟಿಗೆ ಬೇಕು. ಅದನ್ನು ಸದ್ದಕ್ಕನೇ ತರಿಸಿದಳು, ಸದ್ದಕ್ಕನೇ ಕೂರಿಸಿದಳು. ತನ್ನ ಗುಂಡಿ ತಾನೇ ತೋಡಿಕೊಂಡಳು ಎನ್ನಿ.

ಓರಗಿತ್ತಿ ಒಂದೇ ಒಂದು ಸ್ವರ ಒತ್ತಿ, ಬೆರಳನ್ನು ಸುಮ್ಮನೆ ಅಲುಗಿಸಿದಳು. ಯಾರೋ ಅಳು ನುಂಗಿಕೊಂಡು ಮಾತಾಡಲು ಹೊರಟಂತೆ ಸ್ವರ ನಡುಗಿತು. ಆ ಗೋಡೆಯಿಂದ ಅಂಥ ಸದ್ದು ಬಂದದ್ದು ಅದೇ ಮೊದಲು. ಸದ್ದಕ್ಕನ ಕಣ್ಣಲ್ಲಿ ನೀರು ಬಂತು. ಅದರ ಬೆನ್ನಿಗೇ ಹೊಟ್ಟೆಯಲ್ಲಿ ಬೆಂಕಿಯೂ ಬಿತ್ತು. ಕಟ್ಟಿದವಳು ನಾನು, ಹಾಡಿಸುವವಳು ಇವಳಾ?

ಓರಗಿತ್ತಿ ಈಜುಕೊಳಕ್ಕೆ ಹೋದಾಗ ಆಕೆ ಬಾಗಿಲು ಹಾಕಿಕೊಂಡು ತಾನೂ ಪ್ರಯತ್ನಿಸಿದಳು. ನಡುಗಬಾರದೆಂದು ಪಳಗಿದ ಬೆರಳುಗಳು ನೆಟ್ಟಗೆ ಇಳಿದವು, ನೆಟ್ಟಗೆ ಎದ್ದವು. ಬೇಕೆಂದೇ ಅಲುಗಿಸಿದರೆ ಬಿಕ್ಕಳಿಕೆ ಬಂದಂತೆ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು.

ಉರಿಗೆ ತುಪ್ಪ ಸುರಿದವರು ನಾಟಕದ ಮೇಷ್ಟ್ರು. ಮನೆಗೆ ಬಂದಿದ್ದಾಗ ಮಹಡಿಯಿಂದ ಆ ಸ್ವರ ಇಳಿದು ಬಂತು. ಮೇಷ್ಟ್ರು ಕೈಯಲ್ಲಿದ್ದ ಟೀ ಲೋಟವನ್ನು ಹಾಗೇ ಹಿಡಿದುಕೊಂಡು ನಿಂತರು.

"ಹೊಸ ನಾಟಕದಲ್ಲಿ ತಾಯಿ ಬಾಗಿಲಲ್ಲಿ ಕಾಯ್ತಾಳಲ್ಲ, ಮಾತೇ ಇಲ್ಲದ ಜಾಗ? ಅದನ್ನ ಈ ಹುಡುಗಿ ನುಡಿಸ್ಲಿ. ಸದ್ದಕ್ಕಾ, ನೀವು ವೈರು ನೋಡ್ಕೊಳ್ಳಿ."

ವೈರು ನೋಡಿಕೊಳ್ಳಬೇಕಂತೆ! ಆ ತಂಡದಲ್ಲಿ ಸದ್ದಕ್ಕನಿಗೆಂದು ಒಂದು ಕುರ್ಚಿ ಇತ್ತು, ರಂಗದ ಎಡಪಕ್ಕದಲ್ಲಿ, ಕುಶನ್ನು ಹರಿದದ್ದು. ಕ್ಲಿನಿಕ್ಕಿನಲ್ಲಿ ಆಕೆಯ ಹೆಸರು ಯಾರಿಗೂ ನೆನಪಿರುವುದಿಲ್ಲ, ಮನೆಯಲ್ಲಿ ಆಕೆ ಹಿರಿಸೊಸೆ. ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಆಕೆ ಆಕೆಯಾಗಿದ್ದಳು. ಅದೂ ಈಗ ಓರಗಿತ್ತಿಗೆ.

ತಾಲೀಮಿನ ದಿನ ಗೋಡೆಯ ಅರ್ಧ ಭಾಗವನ್ನು ಹೊತ್ತೊಯ್ದು ಜೋಡಿಸಿದರು. ಬೆರಳು ಇಷ್ಟು ಸರಿದರೆ ಸ್ವರ ಎಷ್ಟು ಸರಿಯಬೇಕು ಎಂಬುದಕ್ಕೆ ಒಂದು ಅಂಕಿ ಇದೆ. ಅದು ಕೀಬೋರ್ಡಿನಲ್ಲೂ ನಡುವಣ ಪೆಟ್ಟಿಗೆಯಲ್ಲೂ ಒಂದೇ ಇರಬೇಕು. ಎರಡರಲ್ಲೂ ಹನ್ನೆರಡು ಇತ್ತು. ಓರಗಿತ್ತಿ ನೀರು ಕುಡಿಯಲು ಹೋದಾಗ ಸದ್ದಕ್ಕ ಪೆಟ್ಟಿಗೆಯದನ್ನು ನಲವತ್ತೆಂಟು ಮಾಡಿದಳು. ಚಿಮಟ ಹಿಡಿದ ಕೈ, ಆಗಲೂ ನಡುಗಲಿಲ್ಲ.

ಓರಗಿತ್ತಿ ಬೆರಳಿಟ್ಟಳು. ಕೂದಲೆಳೆಯಷ್ಟು ಅಲುಗಿದ್ದಕ್ಕೆ ಸ್ವರ ಕುಡಿದವನಂತೆ ತೂರಾಡಿತು, ಕೂಗಿತು. ತಾಯಿಯ ಪಾತ್ರದವಳು ಫಕ್ಕನೆ ನಕ್ಕಳು. ಓರಗಿತ್ತಿ ಪೆಟ್ಟಿಗೆಯತ್ತ ನೋಡಲೂ ಇಲ್ಲ. ಅದು ಅಕ್ಕನದು, ಅಕ್ಕನ ಕೆಲಸ ತಪ್ಪುವುದುಂಟೇ? ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ನನ್ನ ಕೈಯೇ ಸರಿಯಿಲ್ಲ. ಅಕ್ಕಾ, ನೀವೇ ಕೂತ್ಕೊಳ್ಳಿ."

ಸದ್ದಕ್ಕ ಕೂತಳು. ಎಂದಿನ ಹಾಗೆ ನೆಟ್ಟಗೆ ನುಡಿಸಿದಳು, ಒಂದು ಸ್ವರವೂ ಜಾರಲಿಲ್ಲ. ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಸರಿಯಾಗಿದೆ. ಆದ್ರೆ ಅವತ್ತು ನಿಮ್ಮನೇಲಿ ಕೇಳಿದ್ದು ಇದಲ್ಲ. ಹುಡುಗಿ ಇನ್ನೊಂದು ವಾರ ಕೈ ಪಳಗಿಸಿಕೊಳ್ಳಲಿ."

ಅಂದೇ ಅಂಕಿಯನ್ನು ಸರಿಮಾಡಬೇಕೆಂದುಕೊಂಡಿದ್ದವಳು ಈ ಮಾತು ಕೇಳಿ ಹಲ್ಲು ಕಚ್ಚಿದಳು. ಇರಲಿ ಹಾಗೇ. ಪಳಗಿಸಿಕೊಳ್ಳಲಿ.

ಪಳಗಿಸಿಕೊಂಡಳು ಮಾರಾಯ್ರೆ! ಹೊತ್ತೊಯ್ದದ್ದೆಲ್ಲ ಮತ್ತೆ ಮನೆಯ ಮಹಡಿ ಸೇರಿತ್ತು. ಕೊಳದಿಂದ ಬಂದವಳು ತಲೆಯನ್ನೂ ಒರೆಸಿಕೊಳ್ಳದೆ ಮಹಡಿ ಹತ್ತುತ್ತಿದ್ದಳು. ಅಲುಗಿದರೆ ತಾನೆ ಕೂಗುವುದು? ಅಲುಗದಂತೆ ಬೆರಳನ್ನು ಬಿಗಿಹಿಡಿದಳು. ಊಟದ ಮೇಜಿನ ಮೇಲೂ ಬೆರಳನ್ನು ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ ನೋಡಿಕೊಳ್ಳುತ್ತಿದ್ದಳು. ವಾರ ಮುಗಿಯುವಷ್ಟರಲ್ಲಿ ಕೂಗು ನಿಂತಿತ್ತು. ನಡುಕವೂ ನಿಂತಿತ್ತು. ಕೆಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದಕ್ಕ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಆ ಅಳು ನುಂಗಿದ ಸ್ವರ ಇನ್ನೊಂದು ಸಲ ಬಂದೀತೇ ಎಂದು ಕಾದಳು. ಬರಲಿಲ್ಲ. ತನಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಆ ಸ್ವರ ಎಂಬುದು ಆಗ ಹೊಳೆಯಿತು. ಹೊಟ್ಟೆಕಿಚ್ಚಿನ ಜೊತೆಗೆ ಹೆದರಿಕೆಯೂ ಸೇರಿಕೊಂಡಿತು.

ನಾಟಕದ ದಿನ, ತಾಯಿಯ ದೃಶ್ಯಕ್ಕೆ ಮೊದಲು, ಪರದೆಯ ಹಿಂದೆ ಬಗ್ಗಿ ಅಂಕಿಯನ್ನು ಮತ್ತೆ ಹನ್ನೆರಡಕ್ಕೆ ತಂದಳು. ಓರಗಿತ್ತಿಯ ಹತ್ತಿರ ಹೋಗಿ ಹೇಳಿದಳು:

"ಕೈ ಸಡಿಲ ಬಿಡು. ಮೊದಲು ನುಡಿಸ್ತಿದ್ಯಲ್ಲ, ಹಾಗೆ."

"ಅಯ್ಯೋ ಬೇಡ ಅಕ್ಕಾ. ಬಿಟ್ರೆ ಅವತ್ತಿನ ಹಾಗೇ ಕೂಗುತ್ತೆ."

"ಕೂಗಲ್ಲ."

"ನಿಮಗೆ ಹೇಗೆ ಗೊತ್ತು?"

ಹೇಗೆ ಗೊತ್ತೆಂದು ಹೇಳಬೇಕಾದರೆ ಎಲ್ಲವನ್ನೂ ಹೇಳಬೇಕು. ಪೆಟ್ಟಿಗೆಯತ್ತ ಬೆರಳು ತೋರಿಸಹೊರಟಳು. ಅಷ್ಟರಲ್ಲಿ ದೀಪ ಆರಿತು, ಓರಗಿತ್ತಿ ಹರಿದ ಕುಶನ್ನಿನ ಮೇಲೆ ಕೂತಾಗಿತ್ತು.

ತಾಯಿ ಬಾಗಿಲಲ್ಲಿ ನಿಂತಳು. ಸ್ವರಗಳು ಒಂದರ ಹಿಂದೆ ಒಂದು ಶುದ್ಧವಾಗಿ, ಅಲುಗದೆ ಬಂದವು. ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಸದ್ದಕ್ಕ ಕತ್ತಲಲ್ಲಿ ವೈರು ಹಿಡಿದುಕೊಂಡು, ಒಂದೇ ಒಂದು ಸಲ ಆ ಬೆರಳು ನಡುಗಲಿ ಎಂದು ಕಾಯುತ್ತಲೇ ಇದ್ದಳು. ದೃಶ್ಯ ಮುಗಿಯಿತು.

"ಅಚ್ಚುಕಟ್ಟಾಗಿತ್ತು" ಎಂದಷ್ಟೇ ಹೇಳಿ ಮೇಷ್ಟ್ರು ದೀಪದವನನ್ನು ಬೈಯಲು ಹೋದರು. ಓರಗಿತ್ತಿ ಓಡಿ ಬಂದು ಸದ್ದಕ್ಕನನ್ನು ತಬ್ಬಿಕೊಂಡಳು. ಅವಳ ಕೂದಲು ಇನ್ನೂ ಒದ್ದೆಯಾಗಿತ್ತು.

"ಒಂದು ಸ್ವರಾನೂ ಅಲುಗಲಿಲ್ಲ ಅಕ್ಕಾ! ಥೇಟ್ ನಿಮ್ಮ ಹಾಗೇ ಬಂತಲ್ವಾ?"

"ಹೂಂ," ಎಂದಳು ಸದ್ದಕ್ಕ. "ನನ್ನ ಹಾಗೇ ಬಂತು."